ಅರೀಥಾಳ ಎರಡು ರಾತ್ರಿಗಳು

1972ರ ಜನವರಿ 13, ಲಾಸ್ ಏಂಜಲೀಸ್‌ನ ವಾಟ್ಸ್ ಕಡೆಯ ಬಡಾವಣೆ. 1965ರ ಗಲಭೆಯಲ್ಲಿ 34 ಜೀವ ಹೋದ ಸೀಮೆ ಇದು. ಹಳೆಯ ಸಿನಿಮಾ ಟಾಕೀಸೊಂದನ್ನು ಇಲ್ಲಿಯ ಕಪ್ಪು ಜನ ಚರ್ಚು ಮಾಡಿಕೊಂಡಿದ್ದಾರೆ. ತೆರೆಯಿದ್ದ ಗೋಡೆಯ ಕಡೆಗೆ ಈಗ ನೀರಿಗಿಳಿದು ನಿಂತ ಯೇಸುವಿನ ಚಿತ್ರ. ಅದರ ಕೆಳಗೆ ಬೆಳ್ಳಿ ಬಣ್ಣದ ವೇಸ್ಟ್‌ಕೋಟು ತೊಟ್ಟ ಗಾಯಕವೃಂದ, ಪಿಯಾನೊ ಎದುರು ರೆವರೆಂಡ್ ಜೇಮ್ಸ್ ಕ್ಲೀವ್‌ಲೆಂಡ್. ಹಾಡುಗಾರಿಕೆಯನ್ನು ಚಿತ್ರೀಕರಿಸಲು ಬಂದ ಸಿನಿಮಾದವರ ದೀಪಗಳ ಝಳಕ್ಕೆ ಎಲ್ಲರ ಹಣೆಯಲ್ಲೂ ನೀರು.

ಬಿಳಿ ನಿಲುವಂಗಿಯಲ್ಲಿ ಗಾಯಕಿ ಅರೀಥಾ ಫ್ರಾಂಕ್ಲಿನ್ ಬರುತ್ತಾಳೆ. ವಯಸ್ಸು 29. ಹತ್ತು ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡವಳು, ಹನ್ನೆರಡಕ್ಕೇ ತಾನೂ ತಾಯಿಯಾದವಳು, ಮದುವೆ ಮುರಿದುಕೊಂಡು ಹೊರಬಂದವಳು. ಕೀರ್ತಿ, ದುಡ್ಡು ಎರಡೂ ಕೈಯಲ್ಲಿವೆ. ಇವುಗಳಲ್ಲಿ ಒಂದನ್ನೂ ಅವಳು ಬಾಯಿಬಿಟ್ಟು ಹೇಳುವುದಿಲ್ಲ. ಎರಡು ರಾತ್ರಿಯೂ ಮಾತು ಬಹುಪಾಲು ಕ್ಲೀವ್‌ಲೆಂಡರದೇ. ತಾವು ಪಟ್ಟದ್ದನ್ನು ಸಭೆಯೆದುರು ಸಾಕ್ಷಿಯಾಗಿ ಹೇಳುವುದು ಕಪ್ಪು ಜನರ ಚರ್ಚುಗಳ ಸಂಪ್ರದಾಯ. ಆದರೆ ಅವಳ ಸಾಕ್ಷಿ ಸ್ವರದಲ್ಲೇ ಬರಬೇಕು.

ಬಂದೇ ಬಿಡುತ್ತದೆ. ‘ಅಮೇಝಿಂಗ್ ಗ್ರೇಸ್’ ಎಂಬ ಭಕ್ತಿಗೀತೆ ಎತ್ತಿಕೊಂಡಾಗ ತಾಳದ ಹಂಗೇ ಇಲ್ಲ. ಒಂದು ಪದವನ್ನು ಹಿಡಿದು ಎಳೆಯುತ್ತಾಳೆ, ಮುರಿಯುತ್ತಾಳೆ, ಮತ್ತೆ ಕೂಡಿಸುತ್ತಾಳೆ. ನಮ್ಮ ಗಾಯಕರು ಆಲಾಪದಲ್ಲಿ ಒಂದೇ ಸ್ವರದ ಸುತ್ತ ತಡವುತ್ತಾ ಕೂರುವುದಿಲ್ಲವೇ, ಹಾಗೆ. ಹತ್ತು ನಿಮಿಷ ದಾಟಿದರೂ ಹಾಡು ಮುಗಿಯದು. ಬೆಂಚುಗಳಿಂದ ಜನ ಎದ್ದು ಕೂಗುತ್ತಾರೆ. ಗಾಯಕವೃಂದ ತನ್ನ ಕೆಲಸ ಮರೆತು ಅವಳನ್ನೇ ನೋಡುತ್ತದೆ. ಕ್ಲೀವ್‌ಲೆಂಡ್ ಪಿಯಾನೊ ಬಿಟ್ಟು ಪಕ್ಕಕ್ಕೆ ಹೋಗಿ ಕುಳಿತು ಮುಖ ಮುಚ್ಚಿಕೊಂಡು ಅಳುತ್ತಾರೆ. ಊರೂರಲ್ಲಿ ಗಾಸ್ಪೆಲ್ ಭಕ್ತಿಗೀತೆ ಹಾಡಿಸಿ ನುರಿತ ಮನುಷ್ಯ!

ಮರುದಿನ ರಾತ್ರಿ ಹಿಂದಿನ ಸಾಲಿನಲ್ಲಿ ರಾಕ್ ಗಾಯಕ ಮಿಕ್ ಜಾಗರ್ ನಿಂತಿದ್ದ. ಕ್ಯಾಮೆರಾಗಳಿಗೆ ಅದು ದೊಡ್ಡ ಬೇಟೆ, ಹಾಡಿಗಲ್ಲ. ಮುಂದಿನ ಸಾಲಿಗೆ ಬಂದವರು ಅವಳ ಅಪ್ಪ, ಡೆಟ್ರಾಯಿಟ್‌ನ ಹೆಸರಾಂತ ಪ್ರವಚನಕಾರ ಸಿ.ಎಲ್. ಫ್ರಾಂಕ್ಲಿನ್. ಮಗಳು ಚರ್ಚನ್ನು ಬಿಟ್ಟದ್ದೇ ಇಲ್ಲ ಎಂದು ಅವರು ಸಭೆಗೆ ಹೇಳಿದರು. ಪಾಪ್ ಹಾಡಿ ಕೆಟ್ಟಳು ಎಂದು ಗೊಣಗುತ್ತಿದ್ದವರಿಗೆ ಇದಕ್ಕಿಂತ ಚೊಕ್ಕ ಉತ್ತರ ಬೇಕಿರಲಿಲ್ಲ.

ಆ ಎರಡು ರಾತ್ರಿಗಳ ಹಾಡು ಜೋಡಿ ಎಲ್‌ಪಿಯಾಗಿ ಹೊರಬಂತು; ಈ ಆಲ್ಬಮ್ ಅವಳ ಜೀವಮಾನದಲ್ಲೇ ಅತಿ ಹೆಚ್ಚು ಮಾರಾಟವಾಯಿತು. ಸಿಡ್ನಿ ಪೊಲಾಕ್ ತೆಗೆದ ಚಿತ್ರ ಮಾತ್ರ ಡಬ್ಬದಲ್ಲೇ ಉಳಿಯಿತು: ಕ್ಲ್ಯಾಪ್ ಹೊಡೆಯದೆ ಶೂಟ್ ಮಾಡಿದ್ದರಿಂದ ತುಟಿಗೂ ದನಿಗೂ ಹೊಂದಿಕೆಯಾಗಲಿಲ್ಲ. ಆಮೇಲೆ ತಂತ್ರಜ್ಞಾನ ಕೈಹಿಡಿದರೂ ಅವಳೇ ಕೋರ್ಟಿಗೆ ಹೋಗಿ ತಡೆದಳು. ತೆರೆಗೆ ಬಂದದ್ದು 2018ರಲ್ಲಿ, ಅವಳು ತೀರಿಕೊಂಡ ಮೇಲೆ.

ಎರಡನೆಯ ರಾತ್ರಿ ಅವಳು ಪಿಯಾನೊ ನುಡಿಸುತ್ತಾ ಹಾಡಿದ ‘ನೆವರ್ ಗ್ರೋ ಓಲ್ಡ್’ ಹದಿನಾಲ್ಕನೆಯ ವಯಸ್ಸಿನಲ್ಲಿ ಅಪ್ಪನ ಚರ್ಚಿನಲ್ಲೇ ರೆಕಾರ್ಡ್ ಮಾಡಿದ್ದ ಹಾಡು. ಆ ಹಳೆಯ ದನಿ ಬೆರಗುಗೊಳಿಸುತ್ತದೆ. ಈ ದನಿಯಲ್ಲಿ ಬದುಕಿದವಳೊಬ್ಬಳಿದ್ದಾಳೆ. ಹಾಡಿನ ನಡುವೆಯೇ ಅಪ್ಪ ಎದ್ದುಬಂದು ಕರವಸ್ತ್ರದಿಂದ ಅವಳ ಮುಖ ಒರೆಸುತ್ತಾರೆ. ಅವಳು ಹಾಡು ನಿಲ್ಲಿಸುವುದಿಲ್ಲ.