ಹಾವಿಗೆ ಪಚ್ಚೆಯ ಹಾರ ತೊಡಿಸಿದ ಅಲ್ ಬಿರೂನಿ

ಪಚ್ಚೆ ಕಲ್ಲು ಕಂಡರೆ ಹಾವಿನ ಕಣ್ಣು ಹೋಗುತ್ತದೆ ಎಂದು ಸಾವಿರ ವರ್ಷಗಳ ಹಿಂದೆ ಓದು ಬಲ್ಲವರೂ ನಂಬಿದ್ದರು. ಕ್ರಿ.ಶ. 973ರಲ್ಲಿ ಖ್ವಾರಝ್ಮ್‌ನಲ್ಲಿ ಹುಟ್ಟಿದ ಅಲ್ ಬಿರೂನಿ ಮಾತ್ರ ನೋಡಿಯೇ ಬಿಡೋಣ ಎಂದು ಹೊರಟರು. ಹಾವಿಗೆ ಪಚ್ಚೆಯ ಹಾರ ತೊಡಿಸಿದರು, ಅದರ ಬುಟ್ಟಿಯಲ್ಲಿ ಪಚ್ಚೆ ಹರಡಿದರು. ಒಂಬತ್ತು ತಿಂಗಳು ಪರೀಕ್ಷಿಸಿದರೂ ಹಾವಿನ ಕಣ್ಣಿಗೆ ಏನೂ ಆಗಲಿಲ್ಲ.

ಇದನ್ನೆಲ್ಲ ಅವರು ‘ಕಿತಾಬುಲ್ ಜಮಾಹಿರ್’ ಎಂಬ ಗ್ರಂಥದಲ್ಲಿ ಬರೆದಿಟ್ಟಿದ್ದಾರೆ. ಮಾಣಿಕ್ಯವೂ ಕೆಂಪು, ಬದಖ್ಶಾನಿನ ‘ಲಾಲ್’ ಕಲ್ಲೂ ಕೆಂಪು. ಬೇರ್ಪಡಿಸುವುದು ಹೇಗೆ? ನೀರು ತುಂಬಿದ ಪಾತ್ರೆಗೆ ಕಲ್ಲು ಹಾಕಿ, ಹೊರಚೆಲ್ಲಿದ ನೀರನ್ನು ತೂಗಿ ನೋಡಿದರು. ಒಂದೇ ಗಾತ್ರದಲ್ಲಿ ಮಾಣಿಕ್ಯವೇ ಹೆಚ್ಚು ಭಾರ. ಬ್ರಿಟಿಷ್ ಕಿರೀಟದಲ್ಲಿರುವ ‘ಬ್ಲ್ಯಾಕ್ ಪ್ರಿನ್ಸ್ ರೂಬಿ’ ಕೂಡಾ ಮಾಣಿಕ್ಯವಲ್ಲ, ಲಾಲ್ ಜಾತಿಯ ಕಲ್ಲು.

ಈ ವಿದ್ಯೆ ಇಂದು ರತ್ನಶಾಸ್ತ್ರ, ಅಂದರೆ ಜೆಮಾಲಜಿ. ಬ್ರಿಟನ್‌ನಲ್ಲಿ 1913ರಲ್ಲಿ ಮೊದಲ ಪರೀಕ್ಷೆ ನಡೆಯಿತು. 1931ರಲ್ಲಿ ರಾಬರ್ಟ್ ಶಿಪ್ಲಿ ಅಮೆರಿಕದಲ್ಲಿ ಜಿಐಎ ಸಂಸ್ಥೆ ಕಟ್ಟಿದರು. ವಜ್ರವನ್ನು ತೂಕ, ಬಣ್ಣ, ಶುದ್ಧತೆ, ಕಡಿತ ಎಂಬ ನಾಲ್ಕು ಅಳತೆಗಳಲ್ಲಿ ನೋಡುವ ಕ್ರಮವನ್ನು ರೂಢಿಗೆ ತಂದದ್ದು ಈ ಸಂಸ್ಥೆಯೇ. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ. ನಮ್ಮ ದೇಶದಲ್ಲಿ 1972ರಲ್ಲಿ ಜೈಪುರದಲ್ಲಿ ರತ್ನ ಪರೀಕ್ಷಾ ಪ್ರಯೋಗಾಲಯ ಶುರುವಾಯಿತು.

ಇದು ನಮಗ್ಯಾಕೆ ಅನ್ನಬೇಡಿ. ಮದುವೆ ಮನೆಗಳಿಗೆ ಚಿನ್ನದ ಜೊತೆ ಈಗ ವಜ್ರವೂ ಬಂದಿದೆ. ಲ್ಯಾಬಿನಲ್ಲಿ ಬೆಳೆಸಿದ ವಜ್ರ ಸುಳ್ಳು ವಜ್ರವಲ್ಲ, ಅದೂ ಇಂಗಾಲವೇ. ಆದರೆ ಬೆಲೆ ಗಣಿಯ ವಜ್ರಕ್ಕಿಂತ ಎಷ್ಟೋ ಕಡಿಮೆ. ಕಲ್ಲಿನಲ್ಲಿ ಶಾಖ ಹರಿಯುವುದನ್ನು ನೋಡುವ ಪೆನ್ನಿನಂಥ ಯಂತ್ರ ಎರಡನ್ನೂ ‘ವಜ್ರ’ ಎಂದೇ ತೋರಿಸುತ್ತದೆ. ವ್ಯತ್ಯಾಸ ಹೇಳಲು ಪ್ರಯೋಗಾಲಯವೇ ಬೇಕು. ಆದ್ದರಿಂದ ಮಹ್ರ್ ಆಗಿ ಕೊಡುವುದಿರಲಿ, ಮಗಳಿಗೆ ತೆಗೆಯುವುದಿರಲಿ, ಪ್ರಯೋಗಾಲಯದ ವರದಿ ಕೇಳಿ ಪಡೆಯೋಣ. ಗಣಿಯದ್ದೋ ಲ್ಯಾಬಿನದ್ದೋ ಎಂಬುದು ಬಿಲ್ಲಿನಲ್ಲೂ ಬರೆದಿರಲಿ. ವ್ಯಾಪಾರ ಮಾಡುವ ನಮ್ಮವರೂ ಗಿರಾಕಿ ಕೇಳುವ ಮೊದಲೇ ಅದನ್ನು ಹೇಳಲಿ.

ಇನ್ನೊಂದು ಮಾತು. ಪಿಯುಸಿ ಮುಗಿಸಿದ ಮಕ್ಕಳ ಮುಂದೆ ನಾವು ಇಡುವ ದಾರಿಗಳು ಎರಡೋ ಮೂರೋ ಅಷ್ಟೇ. ಮುಂಬೈ, ಜೈಪುರಗಳಲ್ಲಿ ರತ್ನಶಾಸ್ತ್ರ ಕಲಿಸುತ್ತಾರೆ. ನಮ್ಮವರು ದುಡಿಯುವ ದುಬೈ ಇಂದು ವಜ್ರ ವ್ಯಾಪಾರದ ದೊಡ್ಡ ಕೇಂದ್ರ. ಅಲ್ಲಿಗೆ ಕೆಲಸ ಹುಡುಕಿ ಹೋಗುವ ಹುಡುಗ ಹುಡುಗಿಯರು ಕೈಯಲ್ಲಿ ಇಂಥದ್ದೊಂದು ವಿದ್ಯೆ ಹಿಡಿದು ಹೋದರೆ ಒಳ್ಳೆಯದಲ್ಲವೇ?