ಮಾಂಟ್‌ಗೊಮರಿಯ ನ್ಯಾಯಾಧೀಶರು

ಅಮೆರಿಕದ ನ್ಯಾಯಾಲಯಗಳ ಮಾತು ಬಂದಾಗ ನಮ್ಮಲ್ಲಿ ಬಲ್ಲವರೂ ನೆನೆಯುವುದು ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟನ್ನೇ. ನಾನು ಇಂದಿನ ಮಾತಿಗೆ ಆರಿಸಿಕೊಂಡಿರುವುದಾದರೋ ಆ ಏಣಿಯ ಕೆಳಗಿನ ಮೆಟ್ಟಿಲಲ್ಲಿ ಕುಳಿತಿದ್ದ ಒಬ್ಬರನ್ನು. ಫ್ರಾಂಕ್ ಜಾನ್ಸನ್ ಎಂಬುದು ಅವರ ಹೆಸರು. ಅಲಬಾಮ ರಾಜ್ಯದ ರಾಜಧಾನಿಯಾದ ಮಾಂಟ್‌ಗೊಮರಿಯಲ್ಲಿ 1955ರಿಂದ 1979ರವರೆಗೆ ಅವರು ಫೆಡರಲ್ ಜಿಲ್ಲಾ ನ್ಯಾಯಾಧೀಶರಾಗಿದ್ದರು.

ಫೆಡರಲ್ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ದೇಶದಲ್ಲಿ ಕಾನೂನು ಕೇಂದ್ರದ್ದಾಗಲಿ ರಾಜ್ಯದ್ದಾಗಲಿ, ವ್ಯಾಜ್ಯ ಸಾಮಾನ್ಯವಾಗಿ ಹತ್ತುವುದು ಅದೇ ಜಿಲ್ಲಾ ನ್ಯಾಯಾಲಯದ ಮೆಟ್ಟಿಲನ್ನು. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ರಾಜ್ಯದ ನ್ಯಾಯಾಲಯಗಳ ಸಾಲೇ ಬೇರೆ, ಒಕ್ಕೂಟದ ನ್ಯಾಯಾಲಯಗಳ ಸಾಲೇ ಬೇರೆ. ರಾಜ್ಯದ ನ್ಯಾಯಾಧೀಶರು ಎಷ್ಟೋ ಕಡೆ ಚುನಾವಣೆಗೆ ನಿಂತು ಗೆದ್ದು ಬರುತ್ತಾರೆ. ಫೆಡರಲ್ ನ್ಯಾಯಾಧೀಶರನ್ನು ಸೆನೆಟ್ಟಿನ ಒಪ್ಪಿಗೆ ಪಡೆದು ಅಧ್ಯಕ್ಷರು ನೇಮಿಸುತ್ತಾರೆ. ನಡತೆ ನೆಟ್ಟಗಿರುವವರೆಗೆ ಆ ಪದವಿ ಜೀವಾವಧಿ, ಸಂಬಳವನ್ನೂ ತಗ್ಗಿಸುವಂತಿಲ್ಲ. ಮತ ಕೇಳುವ ಹಂಗಿಲ್ಲದ ಈ ವ್ಯವಸ್ಥೆಯ ಬೆಲೆ ಏನೆಂಬುದು ಜಾನ್ಸನ್ನರ ಬಾಳಿನಲ್ಲಿ ತಿಳಿಯುತ್ತದೆ.

ಶಾಲೆಗಳಲ್ಲಿ ಕರಿಯರನ್ನೂ ಬಿಳಿಯರನ್ನೂ ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು ತೀರ್ಪಿತ್ತದ್ದು 1954ರಲ್ಲಿ. ಆದರೆ ಅದನ್ನು ಜಾರಿಗೆ ತರುವ ಭಾರವನ್ನು ಮರುವರ್ಷ ಅದು ಆಯಾ ಊರಿನ ಫೆಡರಲ್ ಜಿಲ್ಲಾ ನ್ಯಾಯಾಧೀಶರ ಹೆಗಲಿಗೇರಿಸಿತು. ವಾಷಿಂಗ್ಟನ್ನಿನಲ್ಲಿ ಕುಳಿತು ತತ್ತ್ವ ಹೇಳುವುದು ಒಂದು ಬಗೆ. ನೆರೆಹೊರೆಯವರ, ಜೊತೆಯಲ್ಲಿ ಓದಿದವರ, ಚರ್ಚಿನಲ್ಲಿ ಪಕ್ಕಕ್ಕೆ ಕೂರುವವರ ಇಷ್ಟಕ್ಕೆ ವಿರುದ್ಧವಾಗಿ ಅದನ್ನು ಆಜ್ಞೆಯಾಗಿ ಬರೆಯುವುದು ಇನ್ನೊಂದು ಬಗೆ. ಆ ವರ್ಷವೇ ಅಧ್ಯಕ್ಷ ಐಸೆನ್‌ಹೋವರ್ ಜಾನ್ಸನ್ನರನ್ನು ನೇಮಿಸಿದರು. ಆಗ ಅವರಿಗೆ ವಯಸ್ಸು ಮೂವತ್ತೇಳು.

ಅವರು ಹುಟ್ಟಿದ್ದು 1918ರಲ್ಲಿ, ಅಲಬಾಮದ ಉತ್ತರಕ್ಕಿರುವ ವಿನ್‌ಸ್ಟನ್ ಎಂಬ ಗುಡ್ಡಗಾಡು ಸೀಮೆಯಲ್ಲಿ. 1861ರಲ್ಲಿ ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಸಿಡಿದು ಹೋದಾಗ ಈ ಸೀಮೆಯವರು ಅದಕ್ಕೆ ಮನಸ್ಸುಗೊಟ್ಟಿರಲಿಲ್ಲ. ಹುಟ್ಟಿದ ಮಣ್ಣಿನಲ್ಲಿಯೇ ಒಂದು ಬಗೆಯ ಒಂಟಿತನದ ರೂಢಿ ಇತ್ತೆನ್ನಬೇಕು. ಕಾನೂನು ಓದಿ, ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡು ಬಂದು, ವಕೀಲಿ ನಡೆಸಿ, ಫೆಡರಲ್ ಸರ್ಕಾರದ ವಕೀಲರಾಗಿದ್ದರು. ಕಾನೂನು ಕಾಲೇಜಿನಲ್ಲಿ ಅವರ ಜೊತೆ ಓದಿದವರಲ್ಲಿ ಜಾರ್ಜ್ ವಾಲೆಸ್ ಒಬ್ಬರು. ಮುಂದೆ ರಾಜ್ಯಪಾಲರಾಗಿ ವರ್ಣಭೇದದ ಪರವಾಗಿ ತೊಡೆ ತಟ್ಟಿ ನಿಂತವರು ಇವರೇ. ಅಲ್ಲಿ ರಾಜ್ಯಪಾಲರೆಂದರೆ ನಮ್ಮ ಮುಖ್ಯಮಂತ್ರಿಗಳ ಹಾಗೆ ಜನರಿಂದ ಗೆದ್ದು ಬಂದು ಆಳುವವರು.

ಪೀಠವೇರಿ ತಿಂಗಳುಗಳು ಕಳೆಯುವುದರೊಳಗೆ ಬಸ್ಸಿನ ಮೊಕದ್ದಮೆ ಬಂತು. ರೋಸಾ ಪಾರ್ಕ್ಸ್ ಎಂಬಾಕೆ ಬಿಳಿಯನಿಗೆ ಆಸನ ಬಿಟ್ಟುಕೊಡದೆ 1955ರ ಡಿಸೆಂಬರ್ 1ರಂದು ಬಂಧನಕ್ಕೊಳಗಾದ ಕಥೆ ಎಲ್ಲರಿಗೂ ತಿಳಿದಿದೆ. ಆದರೆ ಬಸ್ಸಿನ ವರ್ಣಭೇದವನ್ನು ಮುರಿದ ದಾವೆಯಲ್ಲಿ ಆಕೆ ವಾದಿಯಾಗಿರಲಿಲ್ಲ. ಅದನ್ನು ನಡೆಸಿದವರು ಬೇರೆ ನಾಲ್ವರು ಹೆಂಗಸರು. ಅವರಲ್ಲಿ ಕ್ಲಾಡೆಟ್ ಕಾಲ್ವಿನ್ ಬಂಧನವಾದಾಗ ಹದಿನೈದರ ಹುಡುಗಿ. ರಾಜ್ಯದ ಶಾಸನವನ್ನೇ ಪ್ರಶ್ನಿಸಿದ್ದರಿಂದ ಮೂವರು ನ್ಯಾಯಾಧೀಶರ ಪೀಠ ವಿಚಾರಣೆ ನಡೆಸಿತು. ಸುಪ್ರೀಂ ಕೋರ್ಟಿನ ಮಾತು ಶಾಲೆಗೆ ಮಾತ್ರ ಸಲ್ಲುವುದೇ, ಬಸ್ಸಿಗೂ ಸಲ್ಲುವುದೇ ಎಂಬುದು ಪ್ರಶ್ನೆ. ಬಸ್ಸಿಗೂ ಸಲ್ಲುತ್ತದೆಂದು ಜಾನ್ಸನ್ನರೂ ರಿಚರ್ಡ್ ರೀವ್ಸರೂ 1956ರ ಜೂನ್ 5ರಂದು ಹೇಳಿದರು; ಮೂರನೆಯವರು ಒಪ್ಪಲಿಲ್ಲ. ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ಎತ್ತಿಹಿಡಿಯಿತು.

ಬೈಗುಳದ ಪತ್ರಗಳು ಬಂದವು. ಮನೆಯಂಗಳದಲ್ಲಿ ಶಿಲುಬೆ ಉರಿಯಿತು. ವರ್ಷಗಳ ಮೇಲೆ, 1967ರಲ್ಲಿ, ಅವರ ತಾಯಿಯ ಮನೆಯಲ್ಲಿ ಬಾಂಬು ಸಿಡಿಯಿತು. ಆ ವೃದ್ಧೆಗೆ ಅಪಾಯವಾಗಲಿಲ್ಲ.

ಇಷ್ಟು ಕೇಳಿ ಇವರನ್ನು ಒಬ್ಬ ಸುಧಾರಕರೆಂದು ಭಾವಿಸಿದರೆ ತಪ್ಪಾದೀತು. ಟಸ್ಕೀಗಿ ಪಟ್ಟಣದ ಎಲ್ಲೆ ಚೌಕಾಕಾರದಲ್ಲಿತ್ತು. ಅದನ್ನು ರಾಜ್ಯದ ಶಾಸಕರು ಇಪ್ಪತ್ತೆಂಟು ಬದಿಗಳ ಒಂದು ವಿಚಿತ್ರ ಆಕೃತಿಗೆ ಕತ್ತರಿಸಿ, ಕರಿಯ ಮತದಾರರಲ್ಲಿ ನಾಲ್ಕೈದು ಮಂದಿಯ ಹೊರತು ಎಲ್ಲರನ್ನೂ ಹೊರಗಟ್ಟಿದರು. ಎಲ್ಲೆ ಗೊತ್ತುಮಾಡುವುದು ಶಾಸನಸಭೆಯ ಅಧಿಕಾರ, ನ್ಯಾಯಾಲಯ ಕೈಹಾಕಲಾಗದು ಎಂದು ಹೇಳಿ ಆ ದಾವೆಯನ್ನು ವಜಾಮಾಡಿದವರು ಇದೇ ಜಾನ್ಸನ್ನರು. 1960ರಲ್ಲಿ ಸುಪ್ರೀಂ ಕೋರ್ಟು ಅವರ ತೀರ್ಪನ್ನು ತಳ್ಳಿಹಾಕಿತು. ಮೊಕದ್ದಮೆ ಹಿಂದಿರುಗಿ ಬಂದಾಗ ಅವರೇ ಆ ಹೊಸ ಎಲ್ಲೆಯನ್ನು ರದ್ದುಗೊಳಿಸಿದರು.

1965ರ ಸೆಲ್ಮಾ ಪ್ರಕರಣದಲ್ಲಿಯೂ ಅಷ್ಟೆ. ಮತದ ಹಕ್ಕಿಗಾಗಿ ಸೆಲ್ಮಾದಿಂದ ಮಾಂಟ್‌ಗೊಮರಿಗೆ ನಡೆದು ಹೊರಟ ಸುಮಾರು ಆರುನೂರು ಮಂದಿಯನ್ನು ಮಾರ್ಚ್ 7ರಂದು ಸೇತುವೆಯ ಬಳಿ ರಾಜ್ಯದ ಪೊಲೀಸರು ಬಡಿದರು, ಅಶ್ರುವಾಯು ಹಾರಿಸಿದರು. ಎರಡು ದಿನಗಳ ಮೇಲೆ ಮತ್ತೆ ಹೊರಡಲಿದ್ದ ನಡಿಗೆಗೆ ಜಾನ್ಸನ್ನರೇ ತಡೆಯೊಡ್ಡಿದರು. ವಿಚಾರಣೆ ಮುಗಿಯುವವರೆಗೆ ಯಾರೂ ಹೆಜ್ಜೆಯಿಡಕೂಡದೆಂದರು! ಅನ್ಯಾಯಕ್ಕೆ ಗುರಿಯಾದವರಿಗೆ ಇದು ಎಷ್ಟು ಕಹಿಯಾಗಿದ್ದಿರಬೇಕು. ಸಾಕ್ಷ್ಯ ಕೇಳಿ, ಹೊಡೆತದ ಚಿತ್ರಸುರುಳಿಯನ್ನು ನ್ಯಾಯಾಲಯದಲ್ಲಿ ನೋಡಿ, 17ರಂದು ಅವರು ಆಜ್ಞೆ ಬರೆದರು. ಹೆದ್ದಾರಿಯಲ್ಲಿ ಮೆರವಣಿಗೆ ಹೋಗುವ ಹಕ್ಕಿನ ಅಳತೆ, ಯಾವ ಅನ್ಯಾಯದ ವಿರುದ್ಧ ಆ ಮೆರವಣಿಗೆಯೋ ಆ ಅನ್ಯಾಯದ ಗಾತ್ರಕ್ಕೆ ತಕ್ಕಂತಿರಬೇಕು ಎಂಬುದು ಅದರ ತಿರುಳು. ಇಲ್ಲಿ ಅನ್ಯಾಯ ಅಗಾಧವಾದದ್ದು. ಆದ್ದರಿಂದ ಹಕ್ಕೂ ವಿಶಾಲವಾದದ್ದು. ತತ್ತ್ವ ಹೇಳಿ ಅವರು ಸುಮ್ಮನಾಗಲಿಲ್ಲ. ರಸ್ತೆ ಕಿರಿದಾದ ಭಾಗದಲ್ಲಿ ಮುನ್ನೂರು ಮಂದಿಗಿಂತ ಹೆಚ್ಚು ನಡೆಯಬಾರದು, ಅಗಲವಾದಲ್ಲಿ ಎಷ್ಟು ಮಂದಿಯಾದರೂ ಸರಿ ಎಂಬಷ್ಟರ ಮಟ್ಟಿಗೆ ಏರ್ಪಾಟು ಗೊತ್ತಾಗಿತ್ತು. ರಕ್ಷಣೆ ಕೊಡುವುದು ವಾಲೆಸರ ಸರ್ಕಾರದ ಹೊಣೆಯಾಯಿತು. 25ರಂದು ಮಾಂಟ್‌ಗೊಮರಿ ಮುಟ್ಟಿದವರು ಸುಮಾರು ಇಪ್ಪತ್ತೈದು ಸಾವಿರ.

ನನಗೆ ಇದಕ್ಕಿಂತಲೂ ದೊಡ್ಡದಾಗಿ ಕಾಣುವುದು ಟಸ್ಕಲೂಸಾದ ಬ್ರೈಸ್ ಮಾನಸಿಕ ಆಸ್ಪತ್ರೆಯ ಮೊಕದ್ದಮೆ. ಅಲ್ಲಿ ಐದು ಸಾವಿರ ರೋಗಿಗಳಿದ್ದರು, ನೋಡುವವರಿಲ್ಲ. 1970ರಲ್ಲಿ ಹಣ ಸಾಲದೆಂದು ಸಿಬ್ಬಂದಿಯನ್ನು ಕೆಲಸದಿಂದ ತೆಗೆದದ್ದರಿಂದ ವ್ಯಾಜ್ಯ ಹುಟ್ಟಿತು. ಚಿಕಿತ್ಸೆಗೆಂದು ಒಬ್ಬನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಕೂಡಿಹಾಕಿ ಚಿಕಿತ್ಸೆಯನ್ನೇ ಕೊಡದಿದ್ದರೆ ಅದು ಸಂವಿಧಾನ ವಿರೋಧವೆಂದು ಜಾನ್ಸನ್ನರು 1971ರಲ್ಲಿ ಸಾರಿದರು. ಮರುವರ್ಷ ಬರೆದ ಆಜ್ಞೆಯಲ್ಲಿ ಎಷ್ಟು ರೋಗಿಗಳಿಗೆ ಎಷ್ಟು ವೈದ್ಯರು, ಎಂಟು ಮಂದಿಗೆ ಒಂದು ಶೌಚಾಲಯ, ಸ್ನಾನದ ನೀರಿನ ಬಿಸಿ ಎಷ್ಟು, ಎಲ್ಲವನ್ನೂ ವಿಧಿಸಿದರು. ನ್ಯಾಯಾಧೀಶರು ಆಡಳಿತಗಾರರಾಗಬಹುದೇ ಎಂಬ ಆಕ್ಷೇಪ ಎದ್ದಿತು. ಅದು ಹುರುಳಿಲ್ಲದ ಆಕ್ಷೇಪವಲ್ಲ. ಆದರೆ ಆ ರೋಗಿಗಳಿಗೆ ಓಟಿನ ಬಲವಿರಲಿಲ್ಲ, ಶಾಸನಸಭೆಯಲ್ಲಿ ಅವರ ಕಡೆಯವರಿರಲಿಲ್ಲ. ಶೌಚಾಲಯವನ್ನು ಎಣಿಸುವವರು ಬೇರೆ ಯಾರಿದ್ದರು? ಸೆರೆಮನೆಗಳ ವಿಷಯದಲ್ಲಿಯೂ 1976ರಲ್ಲಿ ಅವರು ಇಂಥದೇ ಆಜ್ಞೆ ಹೊರಡಿಸಿದರು.

1977ರಲ್ಲಿ ಅಧ್ಯಕ್ಷ ಕಾರ್ಟರ್ ಇವರನ್ನು ಎಫ್.ಬಿ.ಐ. ಮುಖ್ಯಸ್ಥರನ್ನಾಗಿ ಹೆಸರಿಸಿದರು, ಅನಾರೋಗ್ಯದಿಂದ ಅದು ಕೈಗೂಡಲಿಲ್ಲ. 1979ರಲ್ಲಿ ಮೇಲ್ಮನವಿ ನ್ಯಾಯಾಲಯಕ್ಕೆ ಬಡ್ತಿ ಪಡೆದರು. ನಿಧನರಾದದ್ದು 1999ರಲ್ಲಿ. ಬ್ರೈಸ್ ಆಸ್ಪತ್ರೆಯ ಮೊಕದ್ದಮೆ ಆಗಲೂ ನಡೆಯುತ್ತಲೇ ಇತ್ತು. ಅದಕ್ಕೆ 2003ರಲ್ಲಿ ಮುಕ್ತಾಯ ಹಾಡಿದವರು ಮೈರನ್ ಥಾಂಪ್ಸನ್. ಜಾನ್ಸನ್ನರಿಂದ ತೆರವಾದ ಪೀಠಕ್ಕೆ 1980ರಲ್ಲಿ ನೇಮಕಗೊಂಡ ಇವರು ಕರಿಯರು. ಹುಟ್ಟಿದ ಊರು ಟಸ್ಕೀಗಿ.