ಬೆಂಜೀನ್: ಮಿತಿಯೊಳಗಿನ ಗಾಳಿಗೂ ಕ್ಯಾನ್ಸರ್ ಲೆಕ್ಕವಿದೆ

2009ರ ರಾಷ್ಟ್ರೀಯ ಮಾನದಂಡದಂತೆ ಒಂದು ಘನ ಮೀಟರ್ ಗಾಳಿಯಲ್ಲಿ ಬೆಂಜೀನ್‌ನ ವಾರ್ಷಿಕ ಸರಾಸರಿ 5 ಮೈಕ್ರೋಗ್ರಾಂ ಮೀರುವಂತಿಲ್ಲ. ಮಿತಿ ಪಾಲನೆಯಾದರೂ ಅಪಾಯ ಸೊನ್ನೆಗಿಳಿಯುವುದಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನಲ್ಲಿ, ಘನ ಮೀಟರಿಗೆ 1 ಮೈಕ್ರೋಗ್ರಾಂ ಬೆಂಜೀನ್ ಇರುವ ಗಾಳಿಯನ್ನು ಜೀವನವಿಡೀ ಉಸಿರಾಡುವ 10 ಲಕ್ಷ ಜನರಲ್ಲಿ ಹೆಚ್ಚುವರಿಯಾಗಿ 2.2ರಿಂದ 7.8 ಮಂದಿಗೆ ರಕ್ತಕ್ಯಾನ್ಸರ್ ಬರಬಹುದು. ಇದು ‘ಏಕಮಾನ ಅಪಾಯ’. 5 ಮೈಕ್ರೋಗ್ರಾಂಗೆ ಅದು 11ರಿಂದ 39 ಮಂದಿ.

ಬೆಂಗಳೂರಿನ ಅಂದಿನ ಬಿಬಿಎಂಪಿ ವ್ಯಾಪ್ತಿಯಲ್ಲಿ 2011ರ ಜನಗಣತಿಯಂತೆ 84.4 ಲಕ್ಷ ಜನರಿದ್ದರು. ಅಷ್ಟೂ ಮಂದಿ 70 ವರ್ಷ ಮಿತಿಯಂಚಿನ ಗಾಳಿ ಸೇವಿಸಿದರೆಂದು ಇಟ್ಟುಕೊಂಡರೆ ಹೆಚ್ಚುವರಿ ಪ್ರಕರಣ 93ರಿಂದ 329, ವರ್ಷಕ್ಕೆ 1.3ರಿಂದ 4.7. ಇದು ಅಳತೆಯಲ್ಲ, ಗುಣಾಕಾರ.

ಏಕಮಾನ ಅಪಾಯದ ಮೂಲ ಅಮೆರಿಕದ ಒಹಾಯೋದ ರಬ್ಬರ್ ಫಿಲ್ಮ್ ಕಾರ್ಖಾನೆಗಳು. 1940ರಿಂದ 1965ರ ನಡುವೆ ಅಲ್ಲಿ ಬೆಂಜೀನ್ ಉಸಿರಾಡಿದ್ದ 1,165 ಪುರುಷರ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ರಕ್ತಕ್ಯಾನ್ಸರ್‌ನಿಂದ 2.7 ಸಾವು ನಿರೀಕ್ಷಿತವಿದ್ದಲ್ಲಿ 9 ಸಂಭವಿಸಿದ್ದವು: 3.3 ಪಟ್ಟು. ಹಳೆಯ ಕಾರ್ಖಾನೆಯ ಗಾಳಿಯಲ್ಲಿ ಬೆಂಜೀನ್ ಎಷ್ಟಿತ್ತೆಂಬುದರಲ್ಲಿ ಒಮ್ಮತವಿಲ್ಲ, 2.2 ಮತ್ತು 7.8ರ ಅಂತರಕ್ಕೆ ಅದೂ ಒಂದು ಕಾರಣ. ಆ ಕಾರಣಕ್ಕೆ ಲೆಕ್ಕವನ್ನೇ ಕೈಬಿಡುವುದು ತಪ್ಪು. ಕಡಿಮೆ ಅಂಚಿನ ಅಂಕಿಯೂ ಸೊನ್ನೆಯಲ್ಲ.

ದುಡಿಯುವ ಜಾಗದ ಅಂಕಿ ಬೇರೆಯೇ. ಅಮೆರಿಕ 1987ರಲ್ಲಿ 8 ಗಂಟೆ ಪಾಳಿಯ ಮಿತಿಯನ್ನು 10 ಪಿಪಿಎಂನಿಂದ (ಗಾಳಿಯ 10 ಲಕ್ಷ ಭಾಗದಲ್ಲಿ 10 ಭಾಗ) 1ಕ್ಕೆ ಇಳಿಸಿತು. 1 ಪಿಪಿಎಂ ಎಂದರೆ ಸುಮಾರು 3,190 ಮೈಕ್ರೋಗ್ರಾಂ. ನಮ್ಮ ಹೊರಗಾಳಿಯ ಮಿತಿಯ 638 ಪಟ್ಟು. ವಾರಕ್ಕೆ 5 ದಿನ, 40 ವರ್ಷ ದುಡಿಮೆ, ದಿನದ ಉಸಿರಿನಲ್ಲಿ ಅರ್ಧ ಪಾಳಿಯಲ್ಲೇ ಎಂದು ಹಿಡಿದರೆ 70 ವರ್ಷಕ್ಕೆ ಹಂಚಿದ ಸರಾಸರಿ 651 ಮೈಕ್ರೋಗ್ರಾಂ. ಅಪಾಯ ಸಾವಿರಕ್ಕೆ 1.4ರಿಂದ 5.1. ಇದೂ ಅಮೆರಿಕದ ಕಾನೂನಿನ ಮಿತಿಯೊಳಗೇ.

ಪೆಟ್ರೋಲ್ ಬಂಕ್ ಕೂಡ ಅಂಥ ದುಡಿಯುವ ಜಾಗವೇ. ಬಿಎಸ್-6 ಮಾನದಂಡದ ಪೆಟ್ರೋಲ್‌ನಲ್ಲಿ ಬೆಂಜೀನ್ ಗರಿಷ್ಠ ಶೇ 1. 12,000 ಲೀಟರ್ ಟ್ಯಾಂಕರ್‌ನಲ್ಲಿ ಅದು 120 ಲೀಟರ್‌ವರೆಗೆ ಇರಬಹುದು. ಬೈಕಿಗೆ 5 ಲೀಟರ್ ಹಾಕುವಾಗ ಟ್ಯಾಂಕಿನೊಳಗಿದ್ದ ಸುಮಾರು 5 ಲೀಟರ್ ಆವಿಮಿಶ್ರಿತ ಗಾಳಿ ಬಾಯಿಂದ ಹೊರಬರುತ್ತದೆ. ನಾಜಲ್ ಹಿಡಿದವರ ಮುಖ ಅದರ ಮೇಲೇ ಬಾಗಿರುತ್ತದೆ. ನಗರದ ವಾರ್ಷಿಕ ಸರಾಸರಿ ಇವರ ಉಸಿರಿನ ಲೆಕ್ಕ ಕೊಡದು. ಬಂಕ್ ನೌಕರರ ಕಾಲರಿಗೇ ಮಾಪಕ ಸಿಕ್ಕಿಸಿ, ಪೂರ್ತಿ ಪಾಳಿ ಅಳೆದು, ಬಂದ ಅಂಕಿಯನ್ನು ಅವರ ಕೈಗೇ ಕೊಡಬೇಕು.